ಕಣ್ಣು ಕಾಣದ ಎರಡನೇ ಡ್ರೈವರು

ಇಂಡಿಯಿಂದ ಬೆಂಗಳೂರಿಗೆ ನಾನು ಲಿಂಬೆಕಾಯಿ ಲಾರಿ ಹೊಡೆಯುತ್ತಿದ್ದ ಕಾಲವದು. ಒಬ್ಬ ಡ್ರೈವರು ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಗಾಡಿ ಹೊಡೆಯಬಾರದು ಎಂಬುದು ಕಾಯ್ದೆ. ಹಾಗಾಗಿ ದೂರದ ಗಾಡಿಗೆ ಇಬ್ಬರು ಬೇಕು. ಮಾಲಕರು ಅದಕ್ಕೊಂದು ದಾರಿ ಹುಡುಕಿದ್ದರು. ಸ್ಟೇರಿಂಗ್ ಬಿಟ್ಟು ಮನೆ ಹಿಡಿದ ಹಳೆಯ ಡ್ರೈವರನೊಬ್ಬನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಕಳಿಸುವುದು. ಅವನ ಲೈಸೆನ್ಸು ಜೀವಂತ ಇದ್ದರೆ ಸಾಕು. ತಪಾಸಣೆಯವರು ತಲೆ ಎಣಿಸಿ ಬಿಡುತ್ತಿದ್ದರು.

ನನ್ನ ಪಾಲಿಗೆ ಬಂದವನು ನನ್ನ ಸೋದರಮಾವ. ನನಗೆ ಲಾರಿ ಕಲಿಸಿದವನೂ ಅವನೇ, ಮಾತು ಕಲಿಸಿದವನೂ ಅವನೇ. ಆ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ಬರುವುದು ಬಸ್ಸೋ ಎತ್ತಿನ ಗಾಡಿಯೋ ಅವನಿಗೆ ತಿಳಿಯುತ್ತಿರಲಿಲ್ಲ. ಮಾಲಕರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಸೀಟು ಹೋದರೆ ಮಾವನಿಗೆ ಬೇರೆ ದುಡಿಮೆ ಇರಲಿಲ್ಲ.

ಗಾಡಿ ಹೊರಟೊಡನೆ ಅವನು ಕಥೆ ತೆಗೆಯುತ್ತಿದ್ದ, ನಾನು ಹೂಂಗುಟ್ಟಬೇಕು. ನಮ್ಮ ಮನೆಗಳಲ್ಲಿ ಕೇಳುವವರು ಹೂಂ ಅನ್ನದಿದ್ದರೆ ಹೇಳುವವರು ಮುಂದಕ್ಕೆ ಹೋಗುವುದಿಲ್ಲ. ನನ್ನ ಹೂಂ ತಡವಾದರೆ ತೊಡೆಗೊಂದು ಗುದ್ದು.

ಒಂದು ಬೇಸಿಗೆ. ಬೆಂಗಳೂರಿಂದ ಬಂದಿಳಿದ ಮುಂಜಾನೆಯೇ ಮತ್ತೆ ಮಾಲು ಹೇರಿಸಿದರು. ಬಾಗೇವಾಡಿಯಲ್ಲಿ ಇನ್ನಷ್ಟು ಚೀಲ ತುಂಬಿಕೊಂಡು, ಇಳಿಬಿಸಿಲಲ್ಲಿ ಕೊಲ್ಹಾರದ ಕಡೆ ಹೊರಟೆವು.

“ರಾಜಾ ಬ್ಯಾಟಿಗೆ ಹೊಂಟ.”

“ಹೂಂ.”

“ಹಾದ್ಯಾಗ ಹಸಿವಾತು.”

“ಹೂಂ.”

“ಕುದುರಿ ತಿಂದ, ಮ್ಯಾಲ ಕೊಲ್ಹಾರದ ಬ್ರಿಜ್ಜೂ ನುಂಗಿದ.”

“ಹೂಂ.”

“ಲೇ ಅಳಿಯಾ, ಗಾಡಿ ಬಾಜೂಕ ಹಚ್ಚು!”

ಬೆಚ್ಚಿ ಬ್ರೇಕು ಒತ್ತಿದೆ. ಮುಂದೆಯೇ ಸೇತುವೆ, ಅದರಡಿ ಕೃಷ್ಣೆಯ ಹಿನ್ನೀರು. ಅಲ್ಲಿಯವರೆಗೆ ಹೇಗೆ ಬಂದೆನೋ ನೆನಪಿಲ್ಲ. ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿದ್ದೆ, ರಾಜ ಬ್ರಿಜ್ಜು ನುಂಗಿದ್ದಕ್ಕೂ ಹೂಂ ಅಂದಿದ್ದೆ.

“ತಡಾ ಆದ್ರ ಬೆಳಗಿನ ಲಿಲಾವ್ ತಪ್ಪತೈತಿ ಮಾಮಾ. ಮಾಲಕ್ರು ನಿನ್ನ ಗಾಡಿ ಬಿಡಸ್ತಾರ.”

“ಬಿಡಸ್ಲಿ. ಮೊದಲ ನೀ ಇಳಿದು ಮಲ್ಕೋ.”

ಕೀಲಿ ಕಿತ್ತು ಧೋತರದ ಗಂಟಿಗೆ ಸಿಕ್ಕಿಸಿಕೊಂಡ. ನಾನು ಬೇವಿನ ನೆರಳಲ್ಲಿ ಹೆಣದಂತೆ ಬಿದ್ದುಕೊಂಡೆ. ಹರಾಜು ತಪ್ಪಿತು, ಕಾಯಿ ಬಾಡಿದವು.

ವಾಪಸು ಬಂದಾಗ ಇಂಡಿಯ ಮಾರ್ಕೆಟ್ಟಿನಲ್ಲಿ, ಹಮಾಲರು ದಲಾಲರ ಎದುರಿಗೇ, ಮಾಲಕರು ನನ್ನ ಮೇಲೆ ಹರಿಹಾಯ್ದರು. ಮಾವ ತಡವರಿಸುತ್ತ ಲಾರಿಯಿಂದ ಇಳಿದ.

“ಅವಗ ಬೈಬ್ಯಾಡ್ರಿ. ಎರಡನೇ ಡ್ರೈವರ್ ನಾನಲ್ರಿ? ಅಂವಾ ದಣದಾಗ ನಾ ಹೊಡೀಬೇಕಿತ್ತು. ನನಗ ಕಣ್ಣ ಕಾಣಂಗಿಲ್ರಿ.”

“ಗೊತ್ತೈತಿ, ಮೆಲ್ಲಕ ಮಾತಾಡೋ ಮುದುಕಾ!”

“ಮೆಲ್ಲಕ ಅಂದ್ರ ನಿಮಗೊಬ್ಬರಿಗೇ ಕೇಳ್ತೈತ್ರಿ.”

ನಾಲ್ಕು ಜನರ ನಡುವೆ ಆಡಿದ ಮಾತು. ಇನ್ನು ಅವನನ್ನು ಆ ಸೀಟಿನಲ್ಲಿ ಕೂರಿಸುವಂತಿರಲಿಲ್ಲ. ಮುಂದಿನ ಲೋಡಿಗೆ ಸಿಂದಗಿ ಕಡೆಯ ಗಟ್ಟಿ ಆಳೊಬ್ಬ ಬಂದ, ನಿಜವಾಗಿ ಹೊಡೆಯಬಲ್ಲವನು. ಕೊಲ್ಹಾರ ದಾಟಿದ ಮೇಲೆ ಸ್ಟೇರಿಂಗ್ ಅವನಿಗೆ ಕೊಟ್ಟು ಸೀಟಿನ ಹಿಂದಿನ ಹಲಗೆಯ ಮೇಲೆ ಒರಗಿದೆ. ಅವನು ತುಟಿ ಬಿಚ್ಚದ ಮನುಷ್ಯ. ನನಗೆ ನಿದ್ದೆ ಹತ್ತಲಿಲ್ಲ.

ಮರಳಿದವನು ನೆಟ್ಟಗೆ ಮಾವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದ.

“ಹಾದ್ಯಾಗ ನಿದ್ದಿ ಆತೇನಲೇ?”

“ಹೂಂ.”

ಲಾರಿಯಲ್ಲಿ ಮಾಡುತ್ತಿದ್ದಂತೆ ಕಿವಿಯನ್ನು ನನ್ನ ಕಡೆ ವಾಲಿಸಿದ.

“ಈ ಹೂಂ ತಡಾ ಆತು,” ಎಂದ. ಕೈ ನನ್ನ ತೊಡೆಯ ಮೇಲೆ ಬಂತು. ಗುದ್ದಲಿಲ್ಲ, ಸುಮ್ಮನೆ ಇಟ್ಟುಕೊಂಡು ಕುಳಿತ.