ಸದ್ದಿಲ್ಲದ ಪೆಟ್ಟಿಗೆ

ದಿನ ತುಂಬುವ ಮೊದಲೇ ಹುಟ್ಟಿದ ಮೊಮ್ಮಗಳನ್ನು ರಾಯಚೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬೆಚ್ಚಗೆ ಮಲಗಿಸಿದ್ದಾರೆ. ನೋಡುತ್ತಾ ನಿಂತಾಗ, ನಾನು ಸಣ್ಣ ಹುಡುಗಿಯಾಗಿದ್ದಾಗಿನ ಮಾನ್ವಿಯ ನಮ್ಮ ಅಡುಗೆಮನೆ ನೆನಪಾಯಿತು.

ಆಗಷ್ಟೇ ಮೊಟ್ಟೆಯಿಂದ ಹೊರಬಂದ ಮರಿಗಳನ್ನು ಬಿಟ್ಟು ತಾಯಿಕೋಳಿ ನಾಯಿಯ ಬಾಯಿಗೆ ಹೋಗಿತ್ತು. ಅವ್ವ ಹಣ್ಣಿನ ಪೆಟ್ಟಿಗೆಯಲ್ಲಿ ಭತ್ತದ ಹೊಟ್ಟು ಹರವಿ, ಮೇಲೊಂದು ಬಲ್ಬು ಇಳಿಬಿಟ್ಟು, ಮರಿಗಳನ್ನು ಅದರೊಳಗೆ ಬಿಟ್ಟಿದ್ದಳು.

ಸಿರವಾರದ ಸಂತೆಗೆ ಹೊರಟಾಗ ನನಗೆ ಹೇಳಿದಳು: "ಲೇ, ಕರೆಂಟ್ ಹೋದ್ರ ಕಂದೀಲು ಹಚ್ಚಿಡು. ಥಂಡಿ ಆದ್ರ ಒಂದರ ಮ್ಯಾಲೊಂದು ಬಿದ್ದು ಸಾಯ್ತಾವ."

ಆಕೆ ಹೋದ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಮರಿಗಳು ಮೂಲೆಗೆ ಒತ್ತಿಕೊಂಡು ಚೀರತೊಡಗಿದವು. ಕಂದೀಲು ಹಚ್ಚಿ ಒಳಗಿಟ್ಟೆ, ಪೆಟ್ಟಿಗೆಯ ಅರ್ಧಕ್ಕೆ ಗೋಣಿಚೀಲ ಹೊದಿಸಿದೆ. ಚೀರಾಟ ನಿಧಾನಕ್ಕೆ ನಿಂತಿತು. ಆಮೇಲೆ ಒಂದು ಸದ್ದೂ ಇಲ್ಲ.

ಚೀಲ ಸರಿಸಿದರೆ ಎಲ್ಲವೂ ಕುತ್ತಿಗೆ ಚೆಲ್ಲಿ, ಕಾಲು ಚಾಚಿ ಹೊಟ್ಟಿನ ಮೇಲೆ ಬಿದ್ದಿದ್ದವು. ಹೊಗೆಗೆ ಸತ್ತವೆಂದೇ ತಿಳಿದೆ. ಮುಟ್ಟಲು ಧೈರ್ಯ ಬರಲಿಲ್ಲ. ಅವ್ವ ಬರುವವರೆಗೂ ಬಾಗಿಲ ಹಿಂದೆ ಕೂತು ಬಿಕ್ಕುತ್ತಿದ್ದೆ.

ಬಂದವಳೇ ಒಂದು ಮರಿಯ ಬೆನ್ನಿಗೆ ಬೆರಳು ತಾಕಿಸಿದಳು. ಅದು ಕಣ್ಣು ತೆರೆದು ಚೀಂವ್ ಅಂದಿತು.

"ಬೆಚ್ಚಗಾಗಿ ಮಲಗ್ಯಾವಲೇ ಹುಚ್ಚಿ. ಚೀರಿದ್ರ ಅಂಜಬೇಕು, ಸುಮ್ಮನಿದ್ರ ಅಲ್ಲ."

ಮೊಮ್ಮಗಳೂ ಹಾಗೇ ಕೈಕಾಲು ಚೆಲ್ಲಿ ಸುಮ್ಮನಿದ್ದಾಳೆ. "ಮಲಗ್ಯಾಳ್ರೀ, ಅಂಜಬ್ಯಾಡ್ರಿ" ಅಂತ ನರ್ಸ್ ಹೇಳಿ ಹೋದಳು. ಅವ್ವನ ಮಾತು ನಾನು ಮರೆತಿಲ್ಲ. ಆದರೂ ಬೆರಳು ತಾನಾಗಿ ಮುಂದೆ ಹೋಗುತ್ತದೆ, ಗಾಜಿಗೆ ತಾಕಿ ನಿಲ್ಲುತ್ತದೆ.