ಆರಿಯೇತಾ ಸೀಯಿಸಿದ ಪಾತ್ರೆ

ಒವಲಾವು ದ್ವೀಪದ ನಮ್ಮ ಹಳ್ಳಿಯಲ್ಲಿ ಯಾರ ಮನೆಯ ಪಾತ್ರೆ ತಳ ಹಿಡಿದರೂ ಆರಿಯೇತಾಳ ಹಿತ್ತಲಿಗೇ ಬರುತ್ತಿತ್ತು. ಅವಳು ಅದರಲ್ಲಿ ನಿಂಬೆ ಸಿಪ್ಪೆ ಹಾಕಿ ನೀರು ಕುದಿಸಿ, ಆರಲು ಬಿಟ್ಟು, ಆಮೇಲೆ ತೆಂಗಿನ ನಾರಿಗೆ ಬೂದಿಯನ್ನೂ ಕಡಲದಂಡೆಯ ಸಣ್ಣ ಮರಳನ್ನೂ ಹಚ್ಚಿ ಗಂಟೆಗಟ್ಟಲೆ ತಿಕ್ಕುತ್ತಿದ್ದಳು. ಪ್ರತಿಯಾಗಿ ಒಂದು ಮೀನು ಕೊಟ್ಟರೂ ಮುಟ್ಟುತ್ತಿರಲಿಲ್ಲ.

"ಬೇಡ ಮಾರಾಯ್ತಿ, ತಗೊಂಡು ಹೋಗು" ಎಂದು ಮುಖ ತಿರುಗಿಸುವಳು. ಇವಳಿಗೆ ಪಾತ್ರೆಯ ಹುಚ್ಚು ಎಂದುಕೊಂಡಿದ್ದೆವು.

ಅವಳು ಮದುವೆಯಾಗಿ ಬಂದ ವರ್ಷ ಹೊಸ ಪಾದ್ರಿಗಳ ಸ್ವಾಗತಕ್ಕೆ ಊರೂಟವಿತ್ತು. ತೆಂಗಿನ ಹಾಲಿನಲ್ಲಿ ಕೆಸುವಿನ ಸೊಪ್ಪು ಬೇಯುತ್ತಿತ್ತು. ಓರಗಿತ್ತಿ ಕೆಲೇರಾ ನೀರಿಗೆ ಹೊರಟವಳು, ಆರಿಯೇತಾಳ ಕೈಗೆ ಸೌಟು ಕೊಟ್ಟು, "ಸೌಟು ಬಿಡ್ಬೇಡ ಕಣೇ, ಬೇಗ ತಳ ಹಿಡಿಯುತ್ತೆ" ಎಂದು ಹೇಳಿಯೇ ಹೋಗಿದ್ದಳು. ಪಕ್ಕದ ಮನೆಯ ರೇಡಿಯೊದಲ್ಲಿ ರಗ್ಬಿ ಪಂದ್ಯದ ಕೊನೆಯ ನಿಮಿಷಗಳು. ಆರಿಯೇತಾ ಒಂದು ಗಳಿಗೆ ಎಂದು ಹೋದವಳು ಪಂದ್ಯ ಮುಗಿಯುವವರೆಗೂ ನಿಂತಳು. ಮರಳಿ ಬರುವಷ್ಟರಲ್ಲಿ ಸೊಪ್ಪು ಕರಕಲು.

"ಯಾರು ನೋಡ್ಕೋತಿದ್ದೋರು?" ಅತ್ತೆ ಗದರಿದಳು.

"ಅಕ್ಕ ನೋಡ್ಕೋತೀನಿ ಅಂದಿದ್ಲು" ಎಂದುಬಿಟ್ಟಳು ಆರಿಯೇತಾ.

ನೀರು ಹೊತ್ತು ಬಂದ ಕೆಲೇರಾ ಇದನ್ನು ಕೇಳಿದಳು. ಏನೋ ಹೇಳಲು ಬಾಯಿ ತೆರೆದವಳು, ಹೊಸ ಸೊಸೆಯ ಬಿಳಿಚಿದ ಮುಖ ನೋಡಿ, ಕೊಡ ಇಳಿಸಿ ಸೀದ ಪಾತ್ರೆಯನ್ನು ತಾನೇ ಎತ್ತಿಕೊಂಡಳು.

"ಏನೇ ಕೆಲೇರಾ, ಪಾದ್ರಿಗಳಿಗೆ ಇದ್ದಿಲು ಬಡಿಸ್ತೀಯಾ?" ಎಂದು ಹೆಂಗಸರು ನಕ್ಕರು. ಅವಳು ಎರಡು ದಿನ ಹೊಳೆಯಲ್ಲಿ ಒಬ್ಬಳೇ ಕೂತು ಆ ಪಾತ್ರೆ ಉಜ್ಜಿದಳು. ಊರಲ್ಲೇ ಅವಳಷ್ಟು ರುಚಿಯಾಗಿ ಅಡುಗೆ ಮಾಡುವವರಿರಲಿಲ್ಲ. ಆದರೂ ಆಮೇಲೆ ಯಾವ ಊರೂಟದಲ್ಲೂ ಒಲೆ ಅವಳ ಪಾಲಿಗೆ ಬರಲಿಲ್ಲ. ಸೌಟು ಆರಿಯೇತಾಳ ಕೈ ಸೇರಿತು. ಎಲ್ಲರೂ ಅವಳ ಕೈರುಚಿ ಹೊಗಳಿದಾಗಲೆಲ್ಲ ಆರಿಯೇತಾ ಎದ್ದು ಹೋಗಿ ಯಾರದಾದರೂ ಸೀದ ಪಾತ್ರೆ ತಿಕ್ಕಲು ಕೂರುತ್ತಿದ್ದಳು.

ಹೀಗೇ ಇಪ್ಪತ್ತೆರಡು ವರ್ಷ ಕಳೆಯಿತು. ಮೊನ್ನೆ ಈಸ್ಟರ್ ಊಟದ ದಿನ ಕೆಲೇರಾ ಎಂದಿನಂತೆ ಮೂಲೆಯಲ್ಲಿ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು. ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಕೇಳಿದಳು: "ದೊಡ್ಡಮ್ಮ, ನಿಮಗೆ ಅಡುಗೆ ಬರಲ್ವಾ?"

"ನಾನು ಸೀಯಿಸಿಬಿಡ್ತೀನಮ್ಮ" ಎಂದು ಕೆಲೇರಾ ನಕ್ಕಳು.

ಆರಿಯೇತಾ ಸೌಟು ಕೆಳಗಿಟ್ಟು ಎಲ್ಲರೆದುರು ನಿಂತಳು. "ಅವತ್ತು ಸೀಯಿಸಿದ್ದು ಅಕ್ಕ ಅಲ್ಲ, ನಾನು. ಸುಳ್ಳು ಹೇಳ್ದೆ."

"ಅಯ್ಯೋ, ಅದನ್ನ ಇನ್ನೂ ಇಟ್ಕೊಂಡಿದ್ದೀಯಾ?" ಎಂದು ಯಾರೋ ನಕ್ಕರು. ಕೆಲೇರಾ ನಗಲಿಲ್ಲ.

"ಪಾತ್ರೆ ವಿಷಯಕ್ಕೆ ನನಗೇನೂ ಬೇಜಾರಿಲ್ಲ ಕಣೇ" ಎಂದಳು ತಲೆ ಎತ್ತದೆ. "ಎರಡು ದಿನ ಹೊಳೇಲಿ ಕೂತಿದ್ದೆ. ಬಂದು ಪಕ್ಕದಲ್ಲಿ ಕೂತ್ಕೊಳ್ಳಲೂ ಇಲ್ವಲ್ಲೇ ನೀನು."

ಆರಿಯೇತಾ ಕೆಳಗಿಟ್ಟಿದ್ದ ಸೌಟನ್ನು ಎತ್ತಿಕೊಂಡಳು. ಅದನ್ನು ಕೆಲೇರಾಳ ಮುಂದೆ ಹಿಡಿದಳು.

"ಈಗ್ಯಾಕೆ? ಕೈಗೆ ಗೆಡ್ಡೇನೇ ರೂಢಿ ಆಗೋಗಿದೆ" ಎಂದು ಕೆಲೇರಾ ಮತ್ತೆ ಗೆಡ್ಡೆಗೆ ಕೈ ಹಾಕಿದಳು.

ಊಟಕ್ಕೆ ಮಾತ್ರ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ಕೆಲೇರಾ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಕಮ್ಮಿ" ಎಂದಳು. ಆರಿಯೇತಾ ಕಣ್ಣೊರೆಸಿಕೊಳ್ಳುತ್ತ ಉಪ್ಪು ತರಲು ಎದ್ದಳು.