ಕೈಗೆ ಇಳಿದ ಎಳೆ

ಆಗ ನನಗೆ ಒಂಬತ್ತು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಆ ಕಾಲದಲ್ಲಿ ಮೈಸೂರಿನ ನಮ್ಮ ವಠಾರದಲ್ಲಿ ಯಾವ ಮನೆ ಬಾಗಿಲಲ್ಲಾದರೂ ರಂಗೋಲಿ ಇಲ್ಲ ಅಂದರೆ ಒಳಗೆ ಸಾವಾಗಿದೆ ಅಂತ ಅರ್ಥ. ಯಾರೂ ಕೇಳುತ್ತಿರಲಿಲ್ಲ. ನೆಲ ನೋಡಿ ತಿಳಿದುಕೊಳ್ಳುತ್ತಿದ್ದರು.

ಆ ಮಾಗಿಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಮನೆಯೆಲ್ಲ ಮೆಣಸಿನ ಕಷಾಯದ ಘಾಟು. ಅವಳದು ಒಂದೇ ಹಟ, ಎಳೆ ರಂಗೋಲಿ ನನಗೆ ಕಲಿಸಬೇಕು. ಅದು ಒಂದೇ ಎಳೆ. ಚುಕ್ಕಿಗಳನ್ನೆಲ್ಲ ಸುತ್ತಿ, ಹೊರಟಲ್ಲಿಗೇ ಬಂದು ಸೇರಬೇಕು. ಅವಳಿಗೆ ಅವಳಮ್ಮ ಕಲಿಸಿದ್ದು. ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಹಾಸಿಗೆ ಪಕ್ಕದ ನೆಲದ ಮೇಲೆ ಸಂಜೆಯೆಲ್ಲ ಬಳಪದಲ್ಲಿ ಬರೆದೆ, ಅಳಿಸಿದೆ. ನಡುವಿನ ತಿರುವಿನಲ್ಲಿ ಪ್ರತಿ ಸಲ ತಪ್ಪಿತು.

"ಕತ್ತೆ, ಎಡಕ್ಕೆ ತಿರುಗೇ!"

"ನಂಗೆ ಬರಲ್ಲ ಹೋಗಮ್ಮ."

"ಸಾಕು ಬಿಡು, ಮಲಕ್ಕೋ. ನಿದ್ದೇಲಿ ಕೈಗೆ ಇಳಿಯತ್ತೆ. ಬೆಳಿಗ್ಗೆ ಹಾಕು. ಬಾಗಿಲಲ್ಲಿ ಕೂತು ನೋಡ್ತೀನಿ."

ಅಜ್ಜಿ ಪಕ್ಕ ಮಲಗಿದೆ. ಎಲ್ಲರಿಗಿಂತ ಮುಂಚೆ ಎದ್ದು ಬಾಗಿಲು ಗುಡಿಸಿ, ನೀರು ಚಿಮುಕಿಸಿ ಕೂತೆ. ಕೈ ತಾನೇ ತಿರುಗಿತು. ಎಳೆ ಬಂದು ಸೇರಿತು. ಅಮ್ಮನನ್ನು ಕರೆಯೋಣ ಅಂತ ಎದ್ದರೆ ಬಾಗಿಲಲ್ಲಿ ಅತ್ತೆ.

"ಅಯ್ಯೋ, ಏನೇ ಇದು! ಇವತ್ತು ಹಾಕ್ಬಾರ್ದು ಕಣೇ!"

"ಯಾಕತ್ತೆ?"

ಅತ್ತೆ ಬಿಂದಿಗೆ ನೀರು ಸುರಿದು ಪೊರಕೆಯಲ್ಲಿ ಬಳಿದುಬಿಟ್ಟಳು. ಖಾಲಿ ನೆಲ ನೋಡಿದೆ. ಗೊತ್ತಾಯಿತು. ಅಳು ಬರಲಿಲ್ಲ.

ಈಗ ಇರುವುದು ಪರ್ತ್‌ನಲ್ಲಿ, ಮೋರ್ಲಿ ಅನ್ನುವ ಬಡಾವಣೆಯ ಮಗಳ ಮನೆಯಲ್ಲಿ. ಮೊಮ್ಮಗಳು ಪರೀಕ್ಷೆಗೆ ಓದುತ್ತಾ ಮೊನ್ನೆ ಹೇಳಿದಳು, "ಅಜ್ಜಿ, ಸ್ಲೀಪ್ ಮಾಡಿದ್ರೇನೇ ಬ್ರೈನ್ ಎಲ್ಲಾ ಸೇವ್ ಮಾಡೋದು."

"ಹಂಗಾದ್ರೆ ನಮ್ಮಮ್ಮನ ಮುಖ ಯಾಕೆ ಸೇವ್ ಮಾಡ್ಲಿಲ್ಲ?"

"ನೋ ಫೋಟೋ?"

ಇಲ್ಲ. ಮುಖ ಹೋಯಿತು. ದನಿಯೂ ಹೋಯಿತು. ಕತ್ತೆ ಅಂದದ್ದು ನೆನಪಿದೆ, ಹೇಗೆ ಅಂದಳು ಅನ್ನುವುದು ಇಲ್ಲ. ಎಳೆ ಇನ್ನೂ ಕೈಯಲ್ಲಿದೆ, ಆದರೆ ಮಂಡಿ ಮಡಚುವುದಿಲ್ಲ. ಬಾಗಿಲ ಮುಂದೆ ಕಾರು ಓಡಾಡುವ ಜಾಗ. ಹೊಸ್ತಿಲಿಗೆ ಮಗಳು ರಂಗೋಲಿ ಸ್ಟಿಕ್ಕರ್ ಅಂಟಿಸಿದ್ದಾಳೆ. ಒರೆಸಿದರೂ ಹೋಗುವುದಿಲ್ಲ. ಯಾರು ಸತ್ತರೂ ಅದು ಇರುತ್ತದೆ. ಮಗಳು ಕಲಿಯಲಿಲ್ಲ. ಮೊಮ್ಮಗಳು ಕೇಳಲಿಲ್ಲ. ನನ್ನ ತನಕ ಬಂತು, ಮುಗಿಯಿತು.

ಗಂಡಸರು ಅಮ್ಮನನ್ನು ಸುಟ್ಟು ಬಂದ ಮೇಲೆ, ಆವತ್ತು ರಾತ್ರಿಯೂ ಮಲಗಿದೆ, ನಿದ್ದೆ ಬಂತು. ಮಾರನೆಯ ಬೆಳಿಗ್ಗೆ ಎದ್ದೆ. ಸೂತಕ ಅಂತ ರಂಗೋಲಿ ಡಬ್ಬಿಯನ್ನು ಅತ್ತೆ ಅಟ್ಟಕ್ಕೆ ಹಾಕಿದ್ದಳು. ಹಿತ್ತಲಿಗೆ ಹೋಗಿ, ಬೆರಳನ್ನು ನೀರಲ್ಲಿ ಅದ್ದಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬರೆದೆ. ನೀರಲ್ಲಿ ಬರೆದರೆ ರಂಗೋಲಿ ಅಲ್ಲವಲ್ಲ. ನಡುವಿನಲ್ಲಿ ಎಡಕ್ಕೆ ತಿರುಗಿತು. ಎಳೆ ಬಂದು ಸೇರುವಷ್ಟರಲ್ಲಿ ಹೊರಟ ಜಾಗ ಒಣಗಿತ್ತು. ಒಳಗೆ ಹೋಗಿ, ಪಕ್ಕದ ಮನೆಯವರು ತಂದಿಟ್ಟಿದ್ದ ಉಪ್ಪಿಟ್ಟು ತಿಂದೆ.